ವೇದಿಕೆಯ ಮೇಲಿನ ತಂಗಿ

ಕದ್ರಿ, ಮಂಗಳೂರು
ಜನವರಿ 16, 2025

ಪ್ರೀತಿಯ ಚಿತ್ತರಂಜನ,

ದೆಹಲಿಯ ಚಳಿಗೆ ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆಯ ಬಾಟಲಿಯನ್ನು ಇಲ್ಲೇ ಕಪಾಟಿನಲ್ಲಿ ಮರೆತು ಹೋಗಿದ್ದೀಯ. ತರಬೇತಿ ಮುಗಿಯಲು ಇನ್ನೂ ಎರಡು ತಿಂಗಳಿದೆಯಲ್ಲ, ಹೊರಗಿನ ಊಟ ಜಾಸ್ತಿ ಮಾಡಬೇಡ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಾದರೆ ನೀನು ಏನಾದರೂ ಹೇಳಿ ನಗಿಸಿಬಿಡುತ್ತೀಯ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಗ್ಲ್ಯಾಡಿಸ್ ವಿಷಯ ಬರೆಯಬೇಕು. ನಿನ್ನ ಸಂಸ್ಥೆಗೆ ವಿದೇಶದ ಅನುದಾನ ಬಂದು, ಮೈಬಣ್ಣ ನೋಡಿ ದೂರವಿಡುವುದನ್ನು ನಿಲ್ಲಿಸುವ ಯೋಜನೆ ಶುರುವಾದಾಗ, ಬಿಜೈಯ ಸಭಾಂಗಣಕ್ಕೆ ಹತ್ತು ಭಾನುವಾರ ಜನ ಸೇರಿಸುವ ಕೆಲಸವನ್ನು ನೀನು ನನಗೆ ಒಪ್ಪಿಸಿದ್ದೆ. ನನ್ನ ಕಣ್ಣಿನ ಆಪರೇಷನ್ ಆದಾಗ ನೋಡಿಕೊಂಡ ನರ್ಸ್ ಅವಳು, ಹಳಿಯಾಳದ ಸಿದ್ದಿ ಹುಡುಗಿ. ಅವಳನ್ನು ಕರೆತಂದವಳು ನಾನೇ. ನಾನೇನು ದೊಡ್ಡ ಸಾಚಾ ಅಲ್ಲ. ಆಸ್ಪತ್ರೆಯಲ್ಲಿ ಮೊದಲ ದಿನ ಅವಳನ್ನು ಆಫ್ರಿಕಾದವಳೆಂದುಕೊಂಡು ಇಂಗ್ಲಿಷಿನಲ್ಲಿ ಮಾತಾಡಿದ್ದೆ. "ಆಂಟಿ, ನಾನು ಕಲಿತದ್ದು ಕನ್ನಡ ಶಾಲೆಯಲ್ಲೇ" ಎಂದು ಅವಳು ನಕ್ಕಾಗ ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೂ ನಾನು ಕರೆದೆನೆಂದು ರಾತ್ರಿ ಪಾಳಿ ಮುಗಿಸಿಕೊಂಡು ಹತ್ತೂ ಭಾನುವಾರ ಬಂದಳು. ಕೊನೆಯ ದಿನ ಅನುದಾನ ಕೊಟ್ಟವರೆದುರು ನೀನು ಅವಳ ಕೈಹಿಡಿದು "ಇವಳು ನನ್ನ ತಂಗಿ" ಎಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಣ್ಣು ಒದ್ದೆಯಾಗಿತ್ತು.

ಅವಳಿಗೆ ಬಾಡಿಗೆ ಮನೆ ಬೇಕೆಂದು ಗೊತ್ತಾದಾಗ ನಮ್ಮ ಮಹಡಿ ಖಾಲಿಯಿತ್ತು. ನಿನ್ನನ್ನು ಕೇಳಿದೆ. "ಅದಕ್ಕೆಂತ ಅಕ್ಕ, ಖಂಡಿತ ಕೊಡುವ. ದೀಪೇಶನ ಹತ್ರ ಮಾತಾಡ್ಲಿಕ್ಕೆ ಹೇಳು" ಎಂದೆ. ಅವಳನ್ನು ಆ ಬ್ರೋಕರನ ಬಳಿ ಕಳಿಸಿದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದರೆ, "ಮನೆ ಬೇರೆಯವರಿಗೆ ಹೋಯ್ತಂತೆ ಆಂಟಿ. ಪರವಾಗಿಲ್ಲ, ಇದು ಐದನೇ ಮನೆ" ಎಂದಳು. ನಾನು ಕೆಳಗೇ ವಾಸವಾಗಿರುವವಳು. ಮಹಡಿಗೆ ಯಾರೂ ಬರಲಿಲ್ಲವೆಂದು ನನಗೆ ಗೊತ್ತಿಲ್ಲವೇ?

ದೀಪೇಶನನ್ನು ಮನೆಗೆ ಕರೆಸಿ ಬೈದೆ. ಪಾಪ, ಅವನು ಮೊಬೈಲ್ ಮುಂದೆ ಹಿಡಿದ. "ನಾನೆಂತ ಮಾಡುದು ಅಕ್ಕ, ಅಣ್ಣನೇ ಮೆಸೇಜ್ ಹಾಕಿದ್ದಾರೆ" ಎಂದ. ನಿನ್ನದೇ ಮಾತುಗಳು: "ಆ ಸಿದ್ದಿ ಹುಡುಗಿಗೆ ಬೇಡ ಮಾರಾಯ. ಅಕ್ಕಪಕ್ಕದವರು ಎಂತ ಹೇಳ್ತಾರೆ? ಅಕ್ಕನಿಗೆ ಗೊತ್ತಾಗುದು ಬೇಡ." ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದೆ.

ಅಕ್ಕಪಕ್ಕದವರ ಹೆಸರು ಯಾಕೆ ತೆಗೆದೆ ಚಿತ್ತು? ಪಕ್ಕದ ಮನೆಯ ಹಸೈನಾರ್ ಬ್ಯಾರಿ ಆಸ್ಪತ್ರೆಗೆ ಹೋದಾಗಲೆಲ್ಲ ಅವಳಿಂದಲೇ ಬಿಪಿ ನೋಡಿಸಿಕೊಳ್ಳುತ್ತಾರೆ. ಬೇಡವೆಂದವನು ನೀನೊಬ್ಬನೇ. ಅದನ್ನೂ ನನ್ನ ಮುಖಕ್ಕೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಇಷ್ಟು ನೋಯುತ್ತಿರಲಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು. ನನ್ನನ್ನೇ ಮುಂದಿಟ್ಟುಕೊಂಡು ಅವಳಿಗೆ ಮೋಸ ಮಾಡಿದೆಯಲ್ಲ.

ಅವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಎಲ್ಲ ಹೇಳಿದೆ. ಅವಳು ಚಹಾದ ಲೋಟ ಪಕ್ಕಕ್ಕೆ ಸರಿಸಿದಳು. ಆಮೇಲೆ, "ಸರ್ ನನ್ನನ್ನು ತಂಗಿ ಅಂದ ದಿನ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ ಆಂಟಿ. ಈಗ ಅವಳಿಗೆ ಏನು ಹೇಳಲಿ?" ಎಂದಳು. ಅದಕ್ಕೆ ನಿನ್ನ ಬಳಿ ಉತ್ತರವಿದ್ದರೆ ಬರೆ. ಮುಂದಿನ ವರ್ಷದ ಯೋಜನೆಗೂ ನನ್ನ ಹೆಸರು ಹಾಕಿದ್ದೀಯಂತೆ. ತೆಗೆದುಬಿಡು.

ಬೆಳಿಗ್ಗೆ ಸ್ವೆಟರ್ ಹಾಕದೆ ಹೊರಗೆ ಹೋಗಬೇಡ. ದೇವರು ನಿನಗೆ ಆರೋಗ್ಯ ಕೊಡಲಿ, ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಆಶಾಲತಾ

ಮರೆತಿದ್ದೆ: ಅಮ್ಮ ಈ ಮನೆಯನ್ನು ನಮ್ಮಿಬ್ಬರ ಹೆಸರಿಗೂ ಬರೆದಿದ್ದಾಳೆ. ಗ್ಲ್ಯಾಡಿಸ್‌ಗೆ ಅದನ್ನೇ ಹೇಳಿ ಒಪ್ಪಿಸಿ, ನಿನ್ನೆ ಮಹಡಿಯ ಬೀಗ ನಾನೇ ತೆಗೆದುಕೊಟ್ಟೆ. ಅವಳು ತಾಯಿಯೊಂದಿಗೆ ಬಂದು ಹಾಲು ಉಕ್ಕಿಸಿದ್ದಾಳೆ. ಅವಳು ಹೋಗಬೇಕೆಂದರೆ ದೀಪೇಶನಿಗೆ ಮೆಸೇಜ್ ಹಾಕಬೇಡ, ನನಗೂ ಹೇಳಬೇಡ. ಊರಿಗೆ ಬಂದು, ಮೆಟ್ಟಿಲು ಹತ್ತಿ, ಅವಳ ಅಮ್ಮನೆದುರು ನೀನೇ ಹೇಳು.