ನಾನೇ ಫೇಲ್ ಮಾಡಿದ ಕಾರು

ಬುಧವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಅಕ್ಕಾ,

ಹೊಲಿಗೆ ಯಂತ್ರ ನಿಲ್ಲಿಸಿ, ಕಾಲು ಚಾಚಿ ಕೂತುಕೊಂಡು ಓದು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ಐವತ್ತೆರಡನೆಯ ವಯಸ್ಸಿನಲ್ಲಿ ನಿನ್ನ ತಂಗಿಗೆ ಕಾರಿನ ಹುಚ್ಚು ಹಿಡಿದಿದೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ವಾಹನ ತಪಾಸಣಾ ಕೇಂದ್ರದ ಗುಂಡಿಗೆ ಇಳಿದು, ತಲೆಯ ಮೇಲೆ ನಿಂತ ಗಾಡಿಯ ಹೊಟ್ಟೆಗೆ ಟಾರ್ಚ್ ಹಿಡಿದು, ಇದು ರಸ್ತೆಗಿಳಿಯಬಹುದೋ ಬೇಡವೋ ಎಂದು ಹೇಳುವುದು. ಹೋದ ತಿಂಗಳು ಹಾಗೆಯೇ ಒಂದು ಕಾರು ಬಂದು ನಿಂತಿತು. ಕಡು ಹಸಿರು ಬಣ್ಣ, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಚಾವಣಿ, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಬಂದ ಸದ್ದಿಗೇ ನನ್ನ ಬೆನ್ನಲ್ಲಿ ಜುಮ್ ಎಂದಿತು. ಆದರೆ ಕೆಳಗಿನಿಂದ ನೋಡಿದರೆ ದೇವರೇ ಗತಿ! ಬ್ರೇಕಿನ ಪೈಪು ಬಿರುಕು ಬಿಟ್ಟಿದೆ, ತಳಕ್ಕೆ ತುಕ್ಕು, ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ನೇರ ನನ್ನ ಹಣೆಯ ಮೇಲೆ. ಮರುಮಾತಿಲ್ಲದೆ ಫೇಲ್ ಎಂದು ಬರೆದೆ.

ಕಾರಿನ ಒಡತಿ ನಿವೃತ್ತ ನೃತ್ಯ ಶಿಕ್ಷಕಿ. ಎಪ್ಪತ್ತು ದಾಟಿದವರು. ಬೇಜಾರಾದೀತು ಎಂದುಕೊಂಡರೆ ಅವರು ಗೊಳ್ಳನೆ ನಕ್ಕುಬಿಟ್ಟರು. "ಮಾರ್ಬೇಕು ಅಂತಾನೇ ಇದ್ದೆ ಕಣಮ್ಮ. ನೀವೇ ತಗೊಳ್ಳಿ. ಇದರ ಕಾಯಿಲೆಯೆಲ್ಲಾ ನಿಮಗೆ ಈಗ ಗೊತ್ತಾಯ್ತಲ್ಲ!"

ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತಿತು, ಕಾರು ಮಾತ್ರ ತಲೆಯಿಂದ ಇಳಿಯಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ನೆನಪೂ ಇಲ್ಲ. ಇವರು ಉಂಡೆದ್ದು ಎರಡು ಲೋಟ ನೀರು ಕುಡಿದರು.

ಮಾರನೆಯ ದಿನ ನಮ್ಮ ಮೇಲಧಿಕಾರಿಗೆ ವಿಷಯ ಹೇಳಿದೆ. ಅವರ ಹುಬ್ಬು ಮೇಲೇರಿತು. "ನೀವೇ ಫೇಲ್ ಮಾಡಿ ನೀವೇ ತಗೊಂಡ್ರೆ ಜನ ಏನಂತಾರೆ ಮೇಡಂ?" ಎಂದರು. ಮಾತು ಚುಚ್ಚಿತು, ಸುಳ್ಳೇನಲ್ಲ. ಇಷ್ಟು ವರ್ಷ ಯಾರಿಂದಲೂ ಒಂದು ಲೋಟ ಚಹಾ ಸಹ ಮುಟ್ಟದ ಕೈ ನನ್ನದು. ಹಾಗಾಗಿ ಟೀಚರ್ ಮನೆಗೆ ಹೋಗಿ ಹೇಳಿದೆ: ಮೊದಲು ಬ್ರೇಕು, ತುಕ್ಕು ಎರಡನ್ನೂ ಸರಿಮಾಡಿಸಿ, ಬೇರೆ ಅಧಿಕಾರಿಯಿಂದ ತಪಾಸಣೆ ಮಾಡಿಸಿ, ಊರಿಗೆಲ್ಲ ಜಾಹೀರಾತು ಕೊಡಿ. ಯಾರಿಗೂ ಬೇಡವಾದರೆ ಆಮೇಲೆ ನನ್ನ ಮಾತು.

ಅಯ್ಯೋ, ಆ ದಿನಗಳನ್ನು ಹೇಗೆ ಕಳೆದೆನೋ! ಮದುವೆ ಗೊತ್ತಾದ ಹುಡುಗನೊಬ್ಬ ನೋಡಿಹೋದನಂತೆ. ಎಂಜಿನ್ ಕಾಯುವುದನ್ನು ಕಂಡು ಬೇಡವೆಂದನಂತೆ. ನಾನು ಗುಂಡಿಯೊಳಗೆ ಒಬ್ಬಳೇ ಕುಣಿದೆ. ಆಮೇಲೆ ಒಬ್ಬ ದಂತವೈದ್ಯ ಬಂದ. ಬಿಡಿಭಾಗ ಸಿಗುವುದು ಕಷ್ಟ ಎಂದು ಯಾರೋ ಅವನ ಕಿವಿಗೆ ಹಾಕಿದರಂತೆ. ಆ ಪುಣ್ಯಾತ್ಮ ನಾನಲ್ಲ, ಆಣೆ!

ಬ್ರೇಕು ಸರಿಯಾಗಿ, ಬೇರೆ ಅಧಿಕಾರಿ ಪಾಸು ಮಾಡಿದ ಮೇಲೆ, ಟೀಚರನ್ನು ಪಕ್ಕ ಕೂರಿಸಿಕೊಂಡು ಗುಡ್ಡದ ರಸ್ತೆಗೆ ಓಡಿಸಿದೆ. ಅಕ್ಕಾ, ಹೇಗೆ ಹೇಳಲಿ? ನಾನು ತಿರುವನ್ನು ನೋಡುವಷ್ಟರಲ್ಲಿ ಅದು ತಿರುಗಿರುತ್ತಿತ್ತು. ಗೇರು ಬದಲಿಸಿದಾಗಲೆಲ್ಲ ಒಳಗೆ ಏನೋ ಕರಕರ ಎನ್ನುತ್ತಿತ್ತು, ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗಾಳಿಗೆ ನನ್ನ ಜಡೆ ಬಿಚ್ಚಿಹೋಯಿತು. ಜೋರಾಗಿ ಕಿರುಚಿದೆ, ಟೀಚರ್ ನನಗಿಂತ ಜೋರಾಗಿ ಕಿರುಚಿದರು. ಗುಡ್ಡದ ನೆತ್ತಿ ತಲುಪುತ್ತಲೇ ಬುಸ್ ಎಂದು ಹಬೆ ಬಿಟ್ಟು ನಿಂತೇಹೋಯಿತು.

ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಅದು ತಣ್ಣಗಾಗಲೆಂದು ಕಾದೆವು. ಮಂಡಿ ನೋವಿಗೆ ಈಗ ಒಳಗೆ ಕೂರುವುದೂ ಏಳುವುದೂ ಆಗುವುದಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದರು ಟೀಚರ್. ಆಗಾಗ ನಿಲ್ಲುತ್ತದೆಯೇ ಎಂದು ಕೇಳಿದೆ. "ನಿಲ್ಲುತ್ತಮ್ಮ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಿಂತ ಕಡೆಯೆಲ್ಲಾ ಯಾರಾದ್ರೂ ಒಳ್ಳೆಯವರು ಸಿಕ್ಕಿದ್ದಾರೆ. ನನ್ನ ಯಜಮಾನರು ಸಿಕ್ಕಿದ್ದೂ ಹಾಗೇ."

ಇವರಿಗೆ ಎಲ್ಲವನ್ನೂ ಹೇಳಿದೆ. ಔಷಧದಂಗಡಿ ನಡೆಸುವ ಮನುಷ್ಯ, ಎಲ್ಲಕ್ಕೂ ಅಡ್ಡಪರಿಣಾಮ ಹುಡುಕುವವರು. "ಗೇರ್ ಸದ್ದಿಗೆ ಏನು ಗ್ಯಾರಂಟಿ? ಬೇರೆಯವರು ತಗೊಂಡ್ರೆ ನೀನೇ ಬೈತಿದ್ದೆ ತಾನೇ?" ಎಂದರು. ಬೇಡವೆಂದು ನಿರ್ಧರಿಸಿದೆ, ನಿಜವಾಗಿ ನಿರ್ಧರಿಸಿದೆ. ಎರಡು ದಿನ ನನ್ನ ಮುಖ ನೋಡಿ ಅವರಿಗೇ ತಡೆಯಲಾಗಲಿಲ್ಲ. "ಸುಮ್ನೆ ನೋಡಿ ಬರೋಣ, ತಗೊಳ್ಳೋದೇನಿಲ್ಲ" ಎಂದು ತಾವೇ ಹೊರಡಿಸಿದರು. ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿ ಕೂತರು. ಊರ ಹೊರಗೆ ಒಂದು ಸುತ್ತು ಹಾಕಿ ಬಂದೆ. ಕನ್ನಡಕ ಓರೆಯಾಗಿ, ಇರುವ ನಾಲ್ಕು ಕೂದಲೂ ನೆಟ್ಟಗೆ ನಿಂತಿದ್ದವು. "ಹಾಳಾದ್ದು, ಎಷ್ಟು ಚೆನ್ನಾಗಿದೆಯೇ!" ಎಂದರು. ಇಳಿಯಲು ಒಪ್ಪದೆ, ಇನ್ನೊಂದು ಸುತ್ತು ಎಂದು ಹಠ ಹಿಡಿದರು. ಮನೆಗೆ ಬಂದು ಮತ್ತೆ "ಬೇಡ" ಎಂದರು, ಆದರೆ ಆ ಬೇಡದಲ್ಲಿ ಜೀವವಿರಲಿಲ್ಲ.

ಈಗ ನೀನು ಹೇಳು. ಬುದ್ಧಿ ಬೇಡ ಎನ್ನುತ್ತದೆ. ರೇಡಿಯೇಟರ್ ಬದಲಾಯಿಸಬಹುದು, ಗೇರಿನ ಸದ್ದಿಗೆ ನನ್ನಲ್ಲೂ ಉತ್ತರವಿಲ್ಲ. ಆದರೂ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಏನೋ ಒಂದು ಸಂತೋಷ ಕಾದಿದೆ ಎನಿಸುವುದು ಎಷ್ಟು ಕಾಲದ ಮೇಲೆ ಗೊತ್ತಾ? ನೀನು ಹೇಳಿದಂತೆ ಮಾಡುತ್ತೇನೆ. ನಿನ್ನ ಉತ್ತರ ಬರುವವರೆಗೆ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ.

ನಿನ್ನ ಒಬ್ಬಳೇ ತಂಗಿ,
ಚಿಟ್ಟಿ

ತಾ. ಕ. ಭಾನುವಾರ ಬೆಳಿಗ್ಗೆ. ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ಗಮನಿಸಿದೆಯಾ? ಅಂಚೆಗೆ ಹಾಕಲು ಹೊರಟವಳಿಗೆ ದಾರಿಯಲ್ಲಿ ಟೀಚರ್ ಮನೆ ಅಡ್ಡ ಬಂತು, ಅಂಚೆಪೆಟ್ಟಿಗೆಯವರೆಗೆ ಹೋಗಲೇ ಇಲ್ಲ. ಈ ಪತ್ರವನ್ನು ನಿನ್ನ ಬಾಗಿಲಡಿ ತೂರಿಸಿದವಳು ನಾನೇ. ನಾಲ್ಕು ಗಂಟೆ ಪ್ರಯಾಣ, ಚಿನ್ನದಂತೆ ಓಡಿತು. ನಿನ್ನ ಬೀದಿಯ ತಿರುವಿಗೆ ಬಂದು ಮುನಿಸಿಕೊಂಡಿದೆ. ಇವರು ಸ್ಟಿಯರಿಂಗ್ ಹಿಡಿದು ಮಹಾರಾಜರ ಹಾಗೆ ಕೂತಿದ್ದಾರೆ. ಚಪ್ಪಲಿ ಮೆಟ್ಟಿಕೊಂಡು ಬೇಗ ಬಾ, ಬೈಯುವುದಿದ್ದರೆ ತಳ್ಳುತ್ತಾ ಬೈ.