ನೀನು ಓದದೆ ದಾಟಿದ ಸಾಲು

ಹುಣಸೂರು,
ತಾ. ೧೮-೧೧-೧೯೭೩, ಭಾನುವಾರ

ಪ್ರೀತಿಯ ತಮ್ಮ ಚಿಕ್ಕಬೀರಯ್ಯನಿಗೆ ಅಣ್ಣ ಮಂಟಯ್ಯ ಮಾಡುವ ಆಶೀರ್ವಾದ.

ಯಾವಾಗಲೂ ಕ್ಷೇಮ ಕೇಳಿ ಆಮೇಲೆ ಲೆಕ್ಕಕ್ಕೆ ಬರುವವನು ನಾನು. ಈ ಸಲ ಲೆಕ್ಕವನ್ನೇ ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮಾತಿನ ಭರದಲ್ಲಿ ಕೈ ತಪ್ಪಿ ಹೋದೀತು. ಮರದ ಅಂಚು ಕೊರೆಯುವ ರೂಟರ್ ಮೆಷಿನ್ನಿಗೆ ಸಾವಿರದ ಎಂಟುನೂರ ಐವತ್ತು. ಅದರ ಬಾಯಿಗೆ ಸಿಕ್ಕಿಸಿ ಮರ ಕೆತ್ತುವ ದಪ್ಪ ಬಿಟ್‌ಗಳ ಪೆಟ್ಟಿಗೆಗೆ ಮುನ್ನೂರ ಹತ್ತು. ಮೈಸೂರಿನಲ್ಲಿ ಉಕ್ಕಿನ ತಗಡು ಕತ್ತರಿಸಿ ತೂತು ಹಾಕಿಸಿದ್ದಕ್ಕೆ ಅರವತ್ತನಾಲ್ಕು. ವೈರು, ಸ್ವಿಚ್ಚು, ಅದನ್ನು ಕೂರಿಸಿದವನ ಕೂಲಿ ನಲವತ್ತೆರಡು. ಗುಂಡಿ ತೋಡಿ ಗಾರೆ ಮಾಡಿದವನಿಗೆ ಹದಿನೆಂಟು. ಮೈಸೂರಿನ ಆಸ್ಪತ್ರೆ, ಔಷಧಿ, ಹೋಗಿ ಬಂದ ಬಾಡಿಗೆ ಕಾರು ಎಲ್ಲ ಸೇರಿ ಮುನ್ನೂರ ತೊಂಬತ್ತಾರು. ಒಟ್ಟು ಎರಡು ಸಾವಿರದ ಆರುನೂರ ಎಂಬತ್ತು ರೂಪಾಯಿ. ಮೇಜಿನ ಹೊನ್ನೆ ಮರ ಅಂಗಡಿಯದೇ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಬಡಗಿ ಜೋಗಯ್ಯನ ಬಲಗಾಲಿನ ಎರಡು ಬೆರಳನ್ನೂ ಹಿಡಿದಿಲ್ಲ.

ಇನ್ನು ಕ್ಷೇಮ. ನಿನ್ನ ಹೊಟ್ಟೆ ಉರಿ ಹೇಗಿದೆ? ಕೊಯಮತ್ತೂರಿನ ಹೋಟೆಲಿನ ಹುಳಿ ನಿನಗೆ ಆಗಿಬರುವುದಿಲ್ಲ ಎಂದು ಅವ್ವ ದಿನವೂ ಒಲೆ ಮುಂದೆ ಕೂತು ಗೊಣಗುತ್ತಾಳೆ. ಅವಳ ಮಂಡಿನೋವು ಇದ್ದಲ್ಲೇ ಇದೆ. ನಿನ್ನ ಹೆಂಡತಿ ಚಿಕ್ಕಬೀರಮ್ಮ ಚೆನ್ನಾಗಿದ್ದಾಳೆ. ಮಗುವಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುತ್ತಾನೆ. ಆ ವಿಷಯದಲ್ಲಿ ನನ್ನ ಹಾಗೆ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊತ್ತ ತಾಳೆಯಾಗದಿದ್ದಾಗ ಮೊದಲ ಸಾಲಿನಿಂದ ಕೂಡಿಕೊಂಡು ಬರುವುದು ನನ್ನ ಪದ್ಧತಿ. ಕಾಕನಕೋಟೆ ಕಾಡಿನಿಂದ ಇಲ್ಲಿಯ ನಾಟಾ ಡಿಪೋಗೆ ಬೇರೆಯವರ ಗಾಡಿಯಲ್ಲಿ ದಿಮ್ಮಿ ಹೊಡೆಯುತ್ತಿದ್ದವನು ನಾನು. ಕನ್ನಡ ಅಕ್ಷರ ಕಲಿತದ್ದು ಡಿಪೋ ಚೀಟಿಗಳ ಮೇಲೆ. ಇಂಗ್ಲಿಷ್ ಚೀಟಿ ಬಂದರೆ ಗುಮಾಸ್ತರ ಮುಖ ನೋಡಬೇಕಾಗಿತ್ತು, ಅವರು ಹೇಳಿದ ಅಳತೆಯೇ ಅಳತೆ. ಅದಕ್ಕೇ ನಮ್ಮ ಮನೆಯಲ್ಲಿ ಒಬ್ಬನಾದರೂ ಇಂಗ್ಲಿಷ್ ಓದಲಿ ಎಂದು ನಿನ್ನನ್ನು ಮೈಸೂರಿನಲ್ಲಿಟ್ಟು ಓದಿಸಿದೆ. ಅಂಗಡಿ ಹಾಕಿದ ಮೇಲೆ ಇಂಗ್ಲಿಷ್ ಕಾಗದ ಏನೇ ಬರಲಿ, ನೀನು ಓದಿ ಹೇಳಿದ್ದನ್ನು ನಾನು ಎರಡನೆಯ ಸಲ ಕೇಳಿದ್ದಿಲ್ಲ. ತೂಕದವನನ್ನು ನಂಬದೆ ಬೇರೆ ತಕ್ಕಡಿಗೆ ಹಾಕಿಸುವ ನಾನು ನಿನ್ನ ದನಿಯನ್ನು ಮಾತ್ರ ಯಾವ ತಕ್ಕಡಿಗೂ ಹಾಕಲಿಲ್ಲ.

ಕೆ.ಆರ್.ನಗರದ ಛತ್ರದ ಹದಿನಾರು ಬಾಗಿಲಿನ ಆರ್ಡರು ಸಿಕ್ಕಿದಾಗ, ಒಂದೊಂದು ಹಲಗೆಯ ಅಂಚನ್ನೂ ಕೈಯಿಂದ ಇಳಿಜಾರು ಮಾಡುತ್ತ ಕೂತರೆ ಯುಗಾದಿಗೂ ಮುಗಿಯುವುದಿಲ್ಲ ಎಂದು ಮೆಷಿನ್ ವಿಷಯ ತೆಗೆದವನು ನೀನು. ಕೊಯಮತ್ತೂರಿನ ಅಂಗಡಿ ಹುಡುಕಿದವನು ನೀನು. ಮೆಷಿನ್ನನ್ನು ತಲೆಕೆಳಗಾಗಿ ಮೇಜಿನಡಿ ತೂಗುಹಾಕಿ, ಬಿಟ್ ಮಾತ್ರ ಮೇಲಕ್ಕೆ ಮೂತಿ ತೋರಿಸುವ ಹಾಗೆ ಮಾಡಿದರೆ ಮೂರಿಂಚಿನ ಬಿಟ್ಟೂ ಬೆಣ್ಣೆಯಲ್ಲಿ ಓಡಿದ ಹಾಗೆ ಓಡುತ್ತದೆ ಎಂದವನೂ ನೀನು. ಸರಿ, ಒಪ್ಪಿದೆ. ಮೇಜನ್ನು ಗೇಣೆತ್ತರಕ್ಕೆ ತಗ್ಗಿಸಿದ್ದು ಮಾತ್ರ ನಾನು. ನಮ್ಮವರು ನೆಲದ ಮೇಲೆ ಕೂತು, ಮರವನ್ನು ಕಾಲ್ಬೆರಳಿನಲ್ಲಿ ಕಚ್ಚಿ ಹಿಡಿದು ಕೆಲಸ ಮಾಡುವವರು. ನಿಲ್ಲಿಸಿದರೆ ಕೈ ಓಡುವುದಿಲ್ಲ. ಹಾಗಾಗಿ ಮೇಜಿನ ಕೆಳಗೆ ಗುಂಡಿ ತೋಡಿಸಿ ಮೆಷಿನ್ನನ್ನು ಅದರೊಳಕ್ಕೆ ಇಳಿಬಿಟ್ಟೆ. ಬುದ್ಧಿವಂತಿಕೆ ಎಂದು ಬೀಗಿದ್ದೂ ಉಂಟು.

ಆ ದಿನ ನೀನು ಕಂಪನಿಯ ಪುಸ್ತಕ ಹಿಡಿದು ಕೂತು ಓದಿ ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮೆಷಿನ್ನನ್ನು ಹೊತ್ತ ತಗಡು ಮೇಜಿನ ಮಟ್ಟಕ್ಕೆ ಸಮನಾಗಿ ಕೂರಬೇಕು, ಉಗುರು ಎಳೆದರೂ ತಡೆಯಬಾರದು. ತೂತು ಬಿಟ್ಟಿಗಿಂತ ಸುತ್ತಲೂ ಸ್ವಲ್ಪ ದೊಡ್ಡದಿರಬೇಕು. ಕರೆಂಟು ತೆಗೆದು ಬಿಟ್ಟನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಗಲದೆಂದು ನೋಡಬೇಕು. ಮರವನ್ನು ಬಲದಿಂದ ಎಡಕ್ಕೆ, ಬಿಟ್ಟಿನ ಓಟಕ್ಕೆ ಎದುರಾಗಿಯೇ ತಳ್ಳಬೇಕು. ಒಂದೇ ಸಲಕ್ಕೆ ಆಳ ತೆಗೆಯದೆ ನಾಲ್ಕೈದು ಸಲ ಓಡಿಸಬೇಕು. ಒಂದೊಂದು ಮಾತಿಗೂ ಕಾಡಂಚಿನ ಹಾಡಿಯಿಂದ ಬಂದ ಜೋಗಯ್ಯ "ಊಂ" ಎಂದು, ಮತ್ತೆ ಅದನ್ನೇ ಬಾಯಿಪಾಠ ಒಪ್ಪಿಸುತ್ತಿದ್ದ. "ನೋಡಿ ಯಜಮಾನ್ರೆ, ಬಲದಿಂದ ಎಡಕ್ಕೆ, ನಮ್ಮ ಆಡೀಲಿ ರಾಗಿ ಬೀಸೋ ಕಲ್ಲಿಗಿಂತ ಸಲೀಸು" ಎಂದು ನಕ್ಕ. ನೀನು ಪುಸ್ತಕ ಮಡಚಿ, "ಇಷ್ಟೇ ಕಣಣ್ಣ, ಇನ್ನೇನಿಲ್ಲ" ಎಂದೆ.

ಗೌರಿಹಬ್ಬದ ಹಿಂದಿನ ವಾರ ಅದೇ ಅಂಗಡಿಯವರು ನಿನ್ನನ್ನು ಮೈಸೂರು ಜಿಲ್ಲೆಯ ಏಜೆಂಟ್ ಮಾಡಿಕೊಂಡು, ಕೆಲಸ ಕಲಿಯಲು ಆರು ತಿಂಗಳು ಕರೆಸಿಕೊಂಡರು. ಬಸ್ ಸ್ಟ್ಯಾಂಡಿನಲ್ಲಿ ನಿನಗೆ ಹಾರ ಹಾಕಿದವನು ನಾನೇ. ಆಯುಧಪೂಜೆಗೆ ಮೆಷಿನ್ನಿಗೂ ಕುಂಬಳಕಾಯಿ ಒಡೆದೆವು. ಅದಾಗಿ ಹನ್ನೆರಡನೆಯ ದಿನ, ಏಳನೆಯ ಬಾಗಿಲಿನ ಹಲಗೆ. ಮೂರಿಂಚಿನ ಬಿಟ್ ಎಂದಿನಂತೆ ಅರಚುತ್ತಿತ್ತು, ತಗಡು ನಡುಗುತ್ತಿತ್ತು. ಹೊಸ ಮೆಷಿನ್ನಿನ ಮಾತೇ ಹೀಗಿರಬೇಕು ಎಂದುಕೊಂಡಿದ್ದೆವು. ಜೋಗಯ್ಯ ಕೂತ ಕಡೆಯೇ ಹಲಗೆಯ ಬಾಲವನ್ನು ಕಾಲಿನಲ್ಲಿ ಒತ್ತಿ ಹಿಡಿದು ತಳ್ಳುತ್ತಿದ್ದ. ಬಿಟ್ ಹಲಗೆಯನ್ನು ಕಿತ್ತು ಎಸೆಯಿತು. ಹಲಗೆ ಇದ್ದ ಜಾಗಕ್ಕೆ ಕಾಲು ಹೋಯಿತು. ಹೆಬ್ಬೆರಳೂ ಅದರ ಪಕ್ಕದ್ದೂ.

ನಾನು ಕಾಗದ ಬರೆದಾಗ ನೀನು ಇಪ್ಪತ್ತು ರೂಪಾಯಿ ಮನಿಯಾರ್ಡರ್ ಕಳಿಸಿ, ಕೂಪನ್ನಿನಲ್ಲಿ "ಜೋಗಯ್ಯನೇ ಎಚ್ಚರ ತಪ್ಪಿದ್ದಾನೆ, ಮೆಷಿನ್ನಿನ ದೋಷವಿಲ್ಲ" ಎಂದು ಬರೆದೆ. ನಂಬಿದೆ ಕಣೋ. ಜೋಗಯ್ಯನೂ ನಂಬಿದ್ದಾನೆ. ಆಸ್ಪತ್ರೆಯಲ್ಲಿ ಮಲಗಿಕೊಂಡೇ, "ಚಿಕ್ಕೆಜಮಾನ್ರು ಓದಿ ಯೋಳಿದ್ದನ್ನ ನಾನೇ ಸರ್ಯಾಗಿ ಕೇಳಿಸ್ಕೊಂಡಿಲ್ಲ, ನಂದೇ ತೆಪ್ಪು ಬುಡಿ" ಎಂದ. ಅವನ ಹೆಂಡತಿ ಮಲ್ಲಿ ನಿನಗಾಗಿ ಕಟ್ಟಿಟ್ಟಿದ್ದ ಜೇನಿನ ಬಾಟಲಿ ಇನ್ನೂ ನಮ್ಮ ಗೂಡಿನಲ್ಲಿದೆ.

ಉಳಿದ ಒಂಬತ್ತು ಬಾಗಿಲಿಗೆ ಬೇರೆಯವನನ್ನು ಕೂರಿಸಬೇಕಲ್ಲ, ಅವನಿಗೆ ಯಾರು ಓದಿ ಹೇಳಬೇಕು? ಹೋದ ಮಂಗಳವಾರ ಮಿಡ್ಲ್ ಸ್ಕೂಲಿನ ಯಶೋದಮ್ಮ ಮೇಡಂ ಹತ್ತಿರ ಪುಸ್ತಕ ಒಯ್ದೆ. ಅವರು ನಿಧಾನಸ್ಥರು, ಬೆರಳಿಟ್ಟು ಓದುವವರು. ನೀನು ಹೇಳಿದ್ದೆಲ್ಲ ಅದರಲ್ಲಿತ್ತು, ಒಂದಕ್ಷರ ಸುಳ್ಳಿಲ್ಲ. ಆಮೇಲೆ ಹನ್ನೊಂದನೆಯ ಪುಟದಲ್ಲಿ ಅವರ ಬೆರಳು ನಿಂತಿತು. ಒಂದೂಕಾಲು ಇಂಚಿಗಿಂತ ಅಗಲದ ಬಿಟ್ ಈ ಮೆಷಿನ್ನಿಗೆ ಹಾಕಲೇಬಾರದು, ಅಗಲದ ಬಿಟ್ಟಿಗೆ ವೇಗ ತಗ್ಗಿಸಬೇಕು, ಇದರ ವೇಗ ಒಂದೇ, ತಗ್ಗಿಸಲು ಬರುವುದಿಲ್ಲ, ಹಾಕಿದರೆ ಅಪಾಯ. ಇಷ್ಟನ್ನು ಓದಿ ಮೇಡಂ, "ಇಲ್ಲಿ ಪೆನ್ಸಿಲ್ಲಿನಲ್ಲಿ ಅರ್ಥ ಬರೆದಿದ್ದೀರಲ್ಲ ಮಂಟಯ್ಯನವರೇ, ನಿಮಗೆ ಗೊತ್ತೇ ಇತ್ತಲ್ಲ" ಎಂದರು. ನೋಡಿದೆ. ಹೈಸ್ಕೂಲಿನಿಂದಲೂ ಕಷ್ಟದ ಪದದ ತಲೆಯ ಮೇಲೆ ಕನ್ನಡ ಅರ್ಥ ಬರೆದುಕೊಳ್ಳುವುದು ನಿನ್ನ ಅಭ್ಯಾಸ. ಆ ಸಾಲಿನ ಮೇಲೆ ನಿನ್ನದೇ ದುಂಡು ಅಕ್ಷರದಲ್ಲಿ "ಅಪಾಯ" ಎಂದು ಬರೆದಿದೆ.

ಕಣ್ತಪ್ಪಿದ್ದರೆ ಕಣ್ತಪ್ಪಿತು ಎಂದುಕೊಳ್ಳುತ್ತಿದ್ದೆ. ಅರ್ಥ ಹುಡುಕಿ, ಬರೆದಿಟ್ಟುಕೊಂಡು, ಆಮೇಲೆ ನನ್ನ ಮುಂದೆ ಅದೊಂದು ಸಾಲನ್ನು ದಾಟಿದ್ದೀಯ. ಓದಿದ್ದರೆ ಮುನ್ನೂರ ಹತ್ತರ ಪೆಟ್ಟಿಗೆ ನಾನು ವಾಪಸು ಮಾಡುತ್ತಿದ್ದೆ, ಮೆಷಿನ್ನನ್ನೂ ಮಾಡುತ್ತಿದ್ದೆ, ನಿನ್ನ ಏಜೆನ್ಸಿಯೂ ಅದರ ಜೊತೆ ರೈಲು ಹತ್ತುತ್ತಿತ್ತು. ಲೆಕ್ಕ ನನಗೆ ಅರ್ಥವಾಗುತ್ತದೆ. ಅದನ್ನು ಹಾಕಿದವನು ನೀನು ಎನ್ನುವುದು ಇನ್ನೂ ತಲೆಗೆ ಇಳಿಯುತ್ತಿಲ್ಲ. ನನ್ನ ಪಾಲನ್ನೂ ಬಚ್ಚಿಡುವುದಿಲ್ಲ. ಅದೇ ಪುಟದ ಚಿತ್ರದಲ್ಲಿ ಕೆಲಸದವನು ನಿಂತಿದ್ದಾನೆ, ಮೇಜು ಅವನ ಸೊಂಟದ ಎತ್ತರಕ್ಕಿದೆ. ಚಿತ್ರ ನೋಡಲು ಇಂಗ್ಲಿಷ್ ಬೇಕಿರಲಿಲ್ಲ. ಅದು ನನ್ನ ಖಾತೆಗೆ.

ಜೋಗಯ್ಯ ಮೊನ್ನೆ ಕೋಲೂರಿಕೊಂಡು ಅಂಗಡಿಗೆ ಬಂದ. ಒಂದು ತುಂಡು ತೇಗ ತೆಗೆದುಕೊಂಡು ಎಂದಿನ ಜಾಗದಲ್ಲಿ ಕೂತು ಕಾಲಿನಲ್ಲಿ ಹಿಡಿಯಲು ನೋಡಿದ. ಜಾರಿತು. ಎಡಗಾಲಿನಲ್ಲಿ ಹಿಡಿದ, ಆದರೆ ಕೈ ಅದಕ್ಕೆ ಹೊಂದಲಿಲ್ಲ. ಉಳಿಯನ್ನು ಪಕ್ಕಕ್ಕಿಟ್ಟು, "ಮರ ನಂಗೆ ಮುನಿಸ್ಕೊಂಡದೆ" ಎಂದು ಎದ್ದು ಹೋದ. ಹನ್ನೆರಡು ವರ್ಷದ ಕೈಕೆಲಸ ಅವನ ಕಾಲಿನಲ್ಲಿತ್ತು. ನಿನ್ನ ಅಕ್ಷರದ ವಿಷಯ ಅವನಿಗೆ ನಾನು ಹೇಳಿಲ್ಲ. ಅದನ್ನು ಹೇಳುವ ಬಾಯಿ ನನ್ನದಲ್ಲ.

ಮೂರಿಂಚಿನ ಬಿಟ್ಟನ್ನು ತೆಗೆದು ಗುಂಡಿ ಮುಚ್ಚಿಸಿದ್ದೇನೆ. ಉಳಿದ ಬಾಗಿಲುಗಳ ಅಂಚು ಕೈಯಿಂದಲೇ ಆಗುತ್ತದೆ, ತಡವಾದರೆ ಛತ್ರದವರ ಬೈಗುಳ ನಾನು ತಿನ್ನುತ್ತೇನೆ. ಅವ್ವನಿಗೂ ಚಿಕ್ಕಬೀರಮ್ಮನಿಗೂ ಏನೂ ತಿಳಿಸಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಜ್ಜಿಗೆ ಬಿಡಬೇಡ. ಮಗುವಿನ ಆಯುಸ್ಸು ನೂರಾಗಲಿ, ನಿನ್ನದೂ.

ಇಂತಿ ನಿನ್ನ ಅಣ್ಣ,
ಮಂಟಯ್ಯ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಪಿರಿಯಾಪಟ್ಟಣದ ಮರದಂಗಡಿ ದೇವಯ್ಯ ಬಂದಿದ್ದ. ಇದೇ ಮೆಷಿನ್, ಇದೇ ದಪ್ಪ ಬಿಟ್‌ಗಳ ಪೆಟ್ಟಿಗೆ, ಪೂರ್ತಿ ಹಣ ನಿನಗೆ ಕಟ್ಟಿದ್ದಾನಂತೆ. ನಿನ್ನ ಕಾರ್ಡು ತೋರಿಸಿದ: "ನಮ್ಮ ಅಣ್ಣನ ಅಂಗಡಿಯಲ್ಲಿ ಸೊಗಸಾಗಿ ಓಡುತ್ತಿದೆ." ತಾರೀಕು ಈ ತಿಂಗಳ ಐದು. ನೀನು ಅದನ್ನು ಬರೆಯುವ ಹೊತ್ತಿಗೆ ಜೋಗಯ್ಯನ ಬೆರಳು ಹೋಗಿ ಹದಿನೆಂಟು ದಿನ. ನಾನು ಎಲ್ಲವನ್ನೂ ಹೇಳಿದೆ, ಮುಚ್ಚಿದ ಗುಂಡಿ ತೋರಿಸಿದೆ. ಅವನು ನಕ್ಕು, "ಮಂಟಣ್ಣ, ನಮ್ಮೂರಾಗೆ ಮೆಷಿನ್ ಬಂದ್ರೆ ನಿನ್ ಗಿರಾಕಿ ನನ್ ತಾವ್ಕೆ ಬತ್ತಾರೆ ಅಂತ ಈ ಕತೆ, ನಂಗೊತ್ತಿಲ್ವಾ ನಿನ್ನ" ಎಂದ. ಪುಸ್ತಕ ತೋರಿಸಿದರೆ ಅವನಿಗೂ ಇಂಗ್ಲಿಷ್ ಬಾರದು. "ನಿಮ್ ತಮ್ಮಯ್ಯನೇ ಓದಿ ಯೋಳ್ಲಿ, ಕೇಳ್ತೀನಿ" ಎಂದು ಬಸ್ಸಿಗೆ ಹೋದ. ಮೇಜಿನ ಮುಂದೆ ಕೂರುವವನು ಅವನ ಅಳಿಯ. ಮೆಷಿನ್ ಇಪ್ಪತ್ತಾರನೇ ತಾರೀಕು ಸೋಮವಾರ ಬರುತ್ತದಂತೆ. ಅದಕ್ಕೆ ಮೊದಲು ನೀನು ಬಂದು ಆ ಸಾಲನ್ನು ಅವನೆದುರು ಗಟ್ಟಿಯಾಗಿ ಓದು. ಹಾಗೇ ಹುಣಸೂರಿಗೆ ಇಳಿದು ಜೋಗಯ್ಯನೆದುರೂ ಓದು. ಬಸ್ ಚಾರ್ಜಿಗೆ ಹದಿನೈದು ರೂಪಾಯಿ ಇದರೊಳಗೆ ಇಟ್ಟಿದ್ದೇನೆ, ನಿನ್ನ ಮನಿಯಾರ್ಡರಿನದೇ.

ಇವತ್ತಿನ ತನಕ ಯಾರಿಗೆ ಏನು ಬಂತು ಎಂಬುದು ಹೀಗಿದೆ. ಕೊಯಮತ್ತೂರಿನವರಿಗೆ ಎರಡು ಮೆಷಿನ್ ಮಾರಾಟ. ನಿನಗೆ ಏಜೆನ್ಸಿ. ಯಶೋದಮ್ಮ ಮೇಡಂಗೆ ಕಾಲು ಸೇರು ಕಾಫಿ ಪುಡಿ, ಬೇಡವೆಂದರೂ ಕೊಟ್ಟೆ. ನನಗೆ ಗೇಣೆತ್ತರದ ಒಂದು ಮೇಜು. ಜೋಗಯ್ಯನಿಗೆ ಒಂದು ಊರುಗೋಲು. ದೇವಯ್ಯನ ಅಳಿಯನಿಗೆ, ಇನ್ನೂ ಬರೆದಿಲ್ಲ.