ಮರಳಿನ ಟಯರ್

ಜನವರಿ 19, ಸೋಮವಾರ

ಸುಜಿತ್ ಇವತ್ತು ಕಾರಿಗೆ ಮರಳಿನ ಟಯರ್ ಹಾಕಿಸಿಕೊಂಡು ಬಂದ. ಈ ಅರಬ್ ನಾಡಿನಲ್ಲಿ ಚಳಿಗಾಲ ಬಂತೆಂದರೆ ನನ್ನ ಮಗನಿಗೆ ರಜೆಯಲ್ಲಿ ಮರುಭೂಮಿಗೆ ಹೋಗುವ ಹುಚ್ಚು. ಆದರೆ ಅದೇ ಕಾರಿನಲ್ಲಿ ಸೊಸೆ ಅಶ್ಮಿತಾ ಬೆಳಗಿನ ಜಾವ ದೂರದ ಅಲ್ ಐನ್ ಊರಿಗೆ, ಆಸ್ಪತ್ರೆಯ ಡ್ಯೂಟಿಗೆ ಹೋಗಬೇಕು. ಟಯರ್ ಮೇಲೆ ಕೈಯಾಡಿಸಿ ನೋಡಿದೆ. ನೀರು ಹರಿದುಹೋಗಲು ಗೀರುಗಳೇ ಇಲ್ಲ, ಬೋಳು ತಲೆಯ ಹಾಗಿದೆ.

“ಇಲ್ಲಿ ಮಳೆ ಬರುದು ವರ್ಷಕ್ಕೆ ನಾಲ್ಕು ದಿನ, ಅಮ್ಮ.”

“ಜಾರ್ಲಿಕ್ಕೆ ಒಂದು ದಿನ ಸಾಕು, ಮಾರಾಯ.”

ಅವನು ನಕ್ಕ. ಸಂಜೆ ನಾನೇ ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟು ಪೂಜೆ ಮಾಡಿದೆ. ಸುಜಿತ್ ಕಾರನ್ನು ಮುಂದೆ ಸರಿಸಿದ, ಹಣ್ಣುಗಳು ಅಪ್ಪಚ್ಚಿಯಾದವು. ಆರತಿ ಎತ್ತುವಾಗಲೇ ಮೊದಲ ಹನಿ ಕೈಮೇಲೆ ಬಿತ್ತು. ಈಗ ಧೋ ಎಂದು ಸುರಿಯುತ್ತಿದೆ, ಗೇಟಿನ ಮುಂದೆ ನೀರು ನಿಂತಿದೆ.

“ನಾಳೆ ಟ್ಯಾಕ್ಸಿಯಲ್ಲಿ ಹೋಗು,” ಎಂದೆ ಅಶ್ಮಿತಾಗೆ.

“ಎಂತ ಆಗುದಿಲ್ಲ ಅತ್ತೆ, ಮೆಲ್ಲ ಹೋಗ್ತೇನೆ. ನಿಮಗೆ ಹೆದರಿಕೆಯಾ?”

“ನನಗೆಂತ ಹೆದರಿಕೆ?” ಎಂದು ಗದರಿ ಒಳಗೆ ಬಂದೆ.

ನಾನು ಹೆದರಿದ್ದನ್ನು ಈ ಮನೆಯಲ್ಲಿ ಯಾರೂ ನೋಡಿಲ್ಲ. ಕಾರಿನ ಕೀ ತಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಮುದುಕಿಯ ದರ್ಬಾರು ಎನ್ನಲಿ, ಸೊಸೆಗೆ ಕಾಟ ಎನ್ನಲಿ, ಕೊಡುವುದಿಲ್ಲ. ಕಣ್ಣು ಮುಚ್ಚಿದರೆ ಅಶ್ಮಿತಾ, ಒದ್ದೆ ರಸ್ತೆ, ಪಕ್ಕದಲ್ಲೇ ಲಾರಿ.

ಅಯ್ಯೋ, ಇನ್ನೊಂದು ಕೀ ಸುಜಿತ್ ಹತ್ತಿರ ಇದೆಯಲ್ಲ! ಅದನ್ನು ಕೇಳಬೇಕಾದರೆ ಹೆದರಿಕೆಯಾಗಿದೆ ಎಂದು ಬಾಯಿಬಿಟ್ಟು ಹೇಳಲೇಬೇಕು. ಹೇಳುತ್ತೇನೆ. ಅವರ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ, ಈಗಲೇ ಹೋಗಿ ಬಾಗಿಲು ತಟ್ಟುತ್ತೇನೆ.